‘ಯಾರೂ ಇರಲಿಲ್ಲ’ ಎಂದ ತಮ್ಮ, ಬಾಗಿನ ವಾಪಸ್ ಕಳಿಸಿದ ಅಕ್ಕ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಯುವ ಮನೆಯೊಂದರದು. ಗುರುತು ಸಿಗದಂತೆ ವಯಸ್ಸು, ಮೊತ್ತ ಮತ್ತಿತರ ವಿವರಗಳನ್ನು ಬದಲಿಸಿದೆ. ಸಲಹೆಗೆ ಬಂದ ಯುವಕನಿಗೆ 28 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಯಲಹಂಕದ ಆಚೆ ಸ್ವಂತ ಫ್ಲ್ಯಾಟ್. ಎರಡು ತಿಂಗಳಿಂದ ನಿದ್ದೆ ಬರುತ್ತಿಲ್ಲ ಎಂಬುದು ಆತ ಹೇಳಿಕೊಂಡ ತೊಂದರೆ.

ನಿದ್ದೆಗೆಟ್ಟಿದ್ದರ ಹಿಂದೆ ಕುಡಿತ, ಕಾಯಿಲೆ, ಸಾಯುವ ಯೋಚನೆ ಇಲ್ಲವೆಂದು ಮೊದಲ ಭೇಟಿಯಲ್ಲೇ ಕೇಳಿ ಖಚಿತಪಡಿಸಿಕೊಂಡ ಮೇಲೆ ವಿಷಯ ಹೊರಬಂತು. ತಾನು ಓದಿದ ಪಿಯು ಕಾಲೇಜಿನಲ್ಲಿ ಮಕ್ಕಳಿಗೆ ನಾಲ್ಕು ಮಾತು ಹೇಳಲು ಆತನನ್ನು ಕರೆದಿದ್ದರು. ‘ನನ್ನ ಹಿಂದೆ ಯಾರೂ ಇರಲಿಲ್ಲ. ನಾನೊಬ್ಬನೇ ಕಷ್ಟಪಟ್ಟು ಮೇಲೆ ಬಂದೆ’ ಎಂದಿದ್ದ. ಯಾರೋ ಅದನ್ನು ವಿಡಿಯೊ ಮಾಡಿ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಅಪ್ಪ ಏನೂ ಅನ್ನಲಿಲ್ಲ. ನಾಲ್ಕು ವರ್ಷ ದೊಡ್ಡವಳಾದ, ಚಿಂತಾಮಣಿ ಕಡೆಗೆ ಮದುವೆಯಾಗಿ ಹೋಗಿರುವ ಅಕ್ಕ ಗುಂಪಿನಿಂದ ಹೊರಬಿದ್ದಳು. ಗೌರಿ ಹಬ್ಬಕ್ಕೆ ತವರಿನಿಂದ ಹೋದ ಬಾಗಿನವನ್ನು ಮುಟ್ಟದೆ ವಾಪಸ್ ಕಳಿಸಿದಳು. ಬಾಗಿನ ತಿರುಗಿ ಬಂದ ದಿನದಿಂದ ತಾಯಿ ಸರಿಯಾಗಿ ಊಟ ಮಾಡುತ್ತಿಲ್ಲ.

‘ನಾನೇನು ಸುಳ್ಳು ಹೇಳಿದೆ ಹೇಳಿ? ರಾತ್ರಿಯೆಲ್ಲ ಓದಿದವನು ನಾನೇ ಅಲ್ವಾ?’ ಎಂಬುದು ಯುವಕನ ಪ್ರಶ್ನೆ. ಆತ ಸುಳ್ಳುಗಾರನಲ್ಲ. ತಾನು ಪಟ್ಟ ಕಷ್ಟ ಮೈಮೇಲೆ ಆದದ್ದು, ಹಾಗಾಗಿ ನೆನಪಿಗೆ ಬೇಗ ಬರುತ್ತದೆ. ಬೇರೆಯವರು ತನಗಾಗಿ ಪಟ್ಟದ್ದು ಕಣ್ಣಳತೆಯ ಆಚೆ ನಡೆದಿರುತ್ತದೆ. ಮನಶ್ಶಾಸ್ತ್ರಜ್ಞರಾದ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ಗಂಡ-ಹೆಂಡತಿಯರನ್ನು ಬೇರೆಬೇರೆಯಾಗಿ ಕೂರಿಸಿ, ಮನೆಯ ಜವಾಬ್ದಾರಿಗಳಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದ್ದರು. ಇಬ್ಬರ ಉತ್ತರ ಕೂಡಿಸಿದರೆ ಬಹಳಷ್ಟು ಕಡೆ ನೂರಕ್ಕೆ ನೂರನ್ನೂ ಮೀರುತ್ತಿತ್ತು. ಶಾಯ್ ಡೇವಿಡೈ ಮತ್ತು ಥಾಮಸ್ ಗಿಲೊವಿಚ್ 2016ರಲ್ಲಿ ಇದನ್ನೇ ಗಾಳಿಯ ಹೋಲಿಕೆಯಲ್ಲಿ ವಿವರಿಸಿದರು. ಸೈಕಲ್ ತುಳಿಯುವವನಿಗೆ ಎದುರುಗಾಳಿ ಪ್ರತಿ ಹೆಜ್ಜೆಗೂ ಗೊತ್ತಾಗುತ್ತದೆ, ಬೆನ್ನಿಗೆ ಬೀಸುವ ಗಾಳಿ ಸ್ವಲ್ಪ ಹೊತ್ತಿಗೇ ಮರೆತುಹೋಗುತ್ತದೆ. ಯುವಕನಿಗೆ ಇಷ್ಟನ್ನು ಹೇಳಿದಾಗ ಬಿಗಿದ ಭುಜ ಸಡಿಲವಾಯಿತು. ತಪ್ಪಿತಸ್ಥ ಎಂಬ ಪಟ್ಟದಿಂದ ಶುರು ಮಾಡಿದ್ದರೆ ಆತ ಇನ್ನಷ್ಟು ಕಷ್ಟಗಳನ್ನು ಎಣಿಸಿ ತೋರಿಸುತ್ತಿದ್ದ, ಅಷ್ಟೇ.

ಎರಡನೇ ಭೇಟಿಗೆ ಮುಂಚೆ ಒಂದು ಕೆಲಸ ಕೊಡಲಾಯಿತು. ಉದ್ದನೆಯ ಲೆಕ್ಕದ ಹಾಳೆಯಲ್ಲಿ ಐದು ಕಲಂ ಎಳೆಯಬೇಕು: ಮನೆಯಿಂದ ಬಂದ ದುಡ್ಡು, ಮನೆ ಇದ್ದುದರಿಂದ ಉಳಿದ ಖರ್ಚು, ಬೇರೆಯವರ ದುಡಿಮೆ, ಬಿದ್ದರೆ ಹಿಡಿಯುವವರಿದ್ದಾರೆಂಬ ಧೈರ್ಯದಲ್ಲಿ ಮಾಡಿದ್ದು, ಕೊನೆಯದು ಸ್ವಂತ ಶ್ರಮ. ಊಹೆ ಬರೆಯಬಾರದು. ಅಪ್ಪನ ಪಾಸ್‌ಬುಕ್, ಫೀಸಿನ ರಸೀದಿ, ರೇಷ್ಮೆಗೂಡಿನ ಮಾರುಕಟ್ಟೆಯ ಚೀಟಿ ನೋಡಿ ಬರೆಯಬೇಕು. ಊರಿನ ಹಿರಿಯರು ಇಂಥ ಕಡೆ ಸಾಮಾನ್ಯವಾಗಿ ‘ಮಕ್ಕಳಿಗೆ ಮಾಡಿದ್ದಕ್ಕೆ ಲೆಕ್ಕ ಇಡ್ತಾರೇನೋ’ ಎಂದು ಕೈಯಾಡಿಸಿಬಿಡುತ್ತಾರೆ. ಇಲ್ಲೂ ಹಾಗೇ ಆಯಿತು. ಅದಕ್ಕೆ ಉತ್ತರ ಯುವಕನಿಗೆ ಮೊದಲೇ ಹೇಳಿಕೊಡಲಾಗಿತ್ತು: ‘ತೀರಿಸೋಕಲ್ಲಪ್ಪ, ತಿಳ್ಕೊಳ್ಳೋಕೆ.’

ಮೊದಲ ಕಲಂ ಬಗ್ಗೆ ಯುವಕನ ಅಂದಾಜು ‘ಎರಡು ಲಕ್ಷ ಇರಬಹುದು’. ರಸೀದಿ ಹೇಳಿದ್ದು ಬೇರೆ. ಎಂಜಿನಿಯರಿಂಗ್ ಫೀಸು ವರ್ಷಕ್ಕೆ 62,000ದಂತೆ ನಾಲ್ಕು ವರ್ಷಕ್ಕೆ 2,48,000. ಪಿಜಿ ಬಾಡಿಗೆ ಊಟ ಸೇರಿ ತಿಂಗಳಿಗೆ 5,000ದಂತೆ 48 ತಿಂಗಳಿಗೆ 2,40,000. ಲ್ಯಾಪ್‌ಟಾಪ್ 38,000. ಓದು ಮುಗಿದ ಮೇಲೆ ಕೆಲಸವಿಲ್ಲದ ಏಳು ತಿಂಗಳಿಗೆ 56,000, ಆಗ ಸೇರಿದ ಕೋರ್ಸಿಗೆ 30,000. ಒಟ್ಟು 6,12,000. ಇದರ ಮೇಲೆ ಫ್ಲ್ಯಾಟ್. ಬೆಲೆ 45 ಲಕ್ಷ. ಆ ಮಟ್ಟದ ಮನೆಗೆ ಬ್ಯಾಂಕು ಹೆಚ್ಚೆಂದರೆ ಬೆಲೆಯ ಶೇ 80 ಕೊಡುತ್ತದೆ, ಮಿಕ್ಕ ಒಂಬತ್ತು ಲಕ್ಷ ಕೈಯಿಂದ ಹಾಕಬೇಕು. ಅದರಲ್ಲಿ ನಾಲ್ಕು ಲಕ್ಷ ಅಪ್ಪನದು.

ಎರಡನೇ ಕಲಮನ್ನು ಹೆಚ್ಚಿನವರು ಖಾಲಿ ಬಿಟ್ಟು ತರುತ್ತಾರೆ, ಕೊಡದೆ ಉಳಿದದ್ದು ಯಾವ ಪಾಸ್‌ಬುಕ್ಕಿನಲ್ಲೂ ಕಾಣುವುದಿಲ್ಲವಲ್ಲ. ಆದ್ದರಿಂದ ಒಬ್ಬ ಸಹಪಾಠಿಯನ್ನು ನೆನೆಯಲು ಹೇಳಲಾಯಿತು. ಅದೇ ಕಂಪನಿ, ಅದೇ ಸಂಬಳ, ಆದರೆ ಅವನು ಮನೆಗೆ ತಿಂಗಳಿಗೆ ಹತ್ತು ಸಾವಿರ ಕಳಿಸುತ್ತಿದ್ದ. ನಮ್ಮ ಯುವಕ ಮೊದಲ ಮೂರು ವರ್ಷ ಮನೆಗೆ ಏನೂ ಕಳಿಸಬೇಕಿರಲಿಲ್ಲ: 36 ತಿಂಗಳು, 3,60,000. ಫ್ಲ್ಯಾಟಿಗೆ ‘ನನ್ನದೇ ಉಳಿತಾಯ’ ಎಂದು ಹಾಕಿದ ಐದು ಲಕ್ಷ ಎಲ್ಲಿಂದ ಕೂಡಿತೆಂದು ಅಲ್ಲಿ ಕಂಡಿತು. ನಾಲ್ಕನೆಯದು, ಹಿಡಿಯುವವರಿದ್ದಾರೆಂಬ ಧೈರ್ಯದ ಕಲಮೂ ಹಾಗೆಯೇ. ಆ ಏಳು ತಿಂಗಳಲ್ಲಿ ಕಾಲ್‌ಸೆಂಟರ್ ಕೆಲಸ ಸಿಕ್ಕಿತ್ತು, ಬೇಡವೆಂದ. ಬೇಡವೆನ್ನಲು ಬೇಕಾದ ಅನ್ನ ಮನೆಯಿಂದ ಬರುತ್ತಿತ್ತು.

ಬೇರೆಯವರ ದುಡಿಮೆ ಎಂಬ ಮೂರನೇ ಕಲಮೇ ಈ ಪ್ರಕರಣದ ತಿರುಳು. ಅಕ್ಕ ಶೇ 74 ತೆಗೆದು ಪಿಯುಸಿ ಮುಗಿಸಿದ ವರ್ಷವೇ ತಾಯಿಗೆ ಸೊಂಟನೋವು ಶುರುವಾಗಿ, ರೇಷ್ಮೆಹುಳು ಸಾಕುವ ಹುಳುಮನೆ ಅವಳ ಕೈಗೆ ಬಂತು. ಹುಳು ನಾಲ್ಕನೇ ಜ್ವರದಿಂದ (ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲೆ ಹಣ್ಣಾಗುವವರೆಗಿನ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗಿನ ಏಳೆಂಟು ದಿನ ಸೊಪ್ಪಿಗೆ ಬಿಡುವೇ ಇಲ್ಲ. ಇಡೀ ಬೆಳೆಗೆ ಬೇಕಾಗುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಆ ದಿನಗಳಲ್ಲೇ ಮುಗಿಯುತ್ತದೆ. ಕಡಿಯಬೇಕು, ಹೊರಬೇಕು, ರಾತ್ರಿಯೂ ಎದ್ದು ಹಾಕಬೇಕು, ಆಮೇಲೆ ಹಣ್ಣುಹುಳು ಆಯ್ದು, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು. ವರ್ಷಕ್ಕೆ ಆರು ಬೆಳೆ, ಬೆಳೆಗೆ ಎಂಟು ದಿನ, ಮದುವೆಯವರೆಗೆ ಐದು ವರ್ಷ: 240 ದಿನ, ಅದೂ ಈ ಕೊನೆಯ ಹಂತವೊಂದನ್ನೇ ಹಿಡಿದರೆ. ‘ರಾತ್ರಿಯೆಲ್ಲ ಓದಿದೆ’ ಎನ್ನುವ ಆ ರಾತ್ರಿಗಳಲ್ಲಿ ತನ್ನನ್ನು ಸೊಪ್ಪು ಹಾಕಲು ಒಂದು ದಿನವೂ ಎಬ್ಬಿಸಲಿಲ್ಲ ಎಂಬುದು ಬರೆಯುವಾಗ ಯುವಕನಿಗೆ ನೆನಪಾಯಿತು. ತಾಯಿ ಇನ್ನೊಂದು ಸೇರಿಸಿದರು. ಅಕ್ಕನ ಮದುವೆಗೆಂದು ಮಾಡಿಸಿಟ್ಟಿದ್ದ 40 ಗ್ರಾಂ ಸರ ಇವನ ಮೊದಲ ವರ್ಷದ ಫೀಸಿಗೆ ಅಡವು ಹೋಗಿತ್ತು, ಬಿಡಿಸಲಾಗಲಿಲ್ಲ. ಅವಳನ್ನು 24 ಗ್ರಾಂ ಸರ ಹಾಕಿ ಕಳಿಸಿದ್ದರು.

ಮೂರನೇ ಭೇಟಿಗೆ ಬಂದವನು ಕುಸಿದಿದ್ದ. ‘ಹಾಗಾದ್ರೆ ನಂದು ಅಂತ ಏನೂ ಇಲ್ವಾ?’ ಐದನೇ ಕಲಂ ಇದಕ್ಕಾಗಿಯೇ ಬೇಕು. ಕನ್ನಡ ಮಾಧ್ಯಮದಿಂದ ಹೋಗಿ ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಹೋದದ್ದು, ಮತ್ತೆ ಕಟ್ಟಿ ಪಾಸಾದದ್ದು ಆತನದೇ. ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ನಾಚಿಕೆಯಲ್ಲಿ ಮುಳುಗಿದವನು ಅಕ್ಕನ ಮುಂದೆ ಕೂತರೆ ಅವಳೇ ಇವನನ್ನು ಸಮಾಧಾನ ಮಾಡಬೇಕಾಗುತ್ತದೆ. ಅದು ಅವಳ ತಲೆಗೆ ಮತ್ತೊಂದು ಹೊರೆ.

ಅಷ್ಟರಲ್ಲಿ ಒಂದು ಎಡವಟ್ಟೂ ಆಗಿತ್ತು. ಯುವಕ ಅಕ್ಕನ ಫೋನ್‌ಪೇಗೆ 50,000 ಹಾಕಿದ್ದ. ಹತ್ತು ನಿಮಿಷದಲ್ಲಿ ವಾಪಸ್ ಬಂತು. ಮಾತಿಗಿಂತ ಮೊದಲು ದುಡ್ಡು ಹೋದರೆ ಬಾಯಿ ಮುಚ್ಚಿಸಲು ಕೊಟ್ಟಂತೆ ಕಾಣುತ್ತದೆ. ಕೊಡುವ ಮನಸ್ಸು ಒಳ್ಳೆಯದೇ, ಸರದಿ ತಪ್ಪಿತ್ತು.

ಕೊಟ್ಟ ಸಲಹೆ ಹೀಗಿತ್ತು. ಅಕ್ಕನನ್ನು ತವರಿಗೆ ಕರೆಸಬಾರದು, ಅವಳ ಮನೆಗೆ ಹೋಗಬೇಕು. ತಾಯಿಯನ್ನು ಮಧ್ಯಸ್ಥಿಕೆಗೆ ಕರೆದೊಯ್ಯಬಾರದು. ‘ನಿಂಗೆ ಬೇಜಾರಾಗಿದ್ರೆ ಸಾರಿ’ ಎಂಬಲ್ಲಿನ ‘ಆಗಿದ್ರೆ’ ತಪ್ಪನ್ನು ಅವಳ ಮೇಲೆ ತಿರುಗಿಸುತ್ತದೆ, ಅದು ಬೇಡ. ಒಟ್ಟಾರೆ ‘ನೀವೆಲ್ಲ ತುಂಬ ಮಾಡಿದ್ದೀರಿ’ ಎಂದರೆ ಯಾರಿಗೂ ಮುಟ್ಟುವುದಿಲ್ಲ. ಎರಡು-ಮೂರು ಸಂಗತಿ, ಹೆಸರಿಟ್ಟು ಹೇಳಬೇಕು. ಆಮೇಲೆ ಸುಮ್ಮನಿರಬೇಕು, ಅವಳು ಬೈದರೂ. ಅವತ್ತೇ ಕ್ಷಮೆ ಸಿಗಬೇಕೆಂದು ಕಾಯಬಾರದು. ಮಾತುಗಳನ್ನು ಎರಡು ಸಲ ಆಡಿಸಿ ನೋಡಿದ್ದಾಯಿತು. ಯುವಕ ಅಕ್ಕನ ಮನೆಗೆ ಹೋಗಿ ಹೇಳಿದ್ದು ಇಷ್ಟು:

‘ಅಕ್ಕ, ನಿನ್ನ ಸರ ಅಡವಿಟ್ಟ ದುಡ್ಡಲ್ಲಿ ನನ್ನ ಮೊದಲ್ನೇ ವರ್ಷದ ಫೀಸ್ ಕಟ್ಟಿದ್ದು. ನಾನು ಓದೋ ರಾತ್ರಿ ಸೊಪ್ಪು ಹಾಕಿದ್ದು ನೀನು. ಅಷ್ಟು ಜನರ ಮುಂದೆ ಯಾರೂ ಇರಲಿಲ್ಲ ಅಂದೆ. ಅದು ಸುಳ್ಳು.’

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, ‘ಸರ ಹೋಗ್ಲಿ ಬಿಡೋ. ಡಿಗ್ರಿ ಅರ್ಜಿ ತಂದು ಮೂರು ದಿನ ಟ್ರಂಕಲ್ಲಿ ಇಟ್ಕೊಂಡಿದ್ದೆ. ನಿಂಗೆ ಗೊತ್ತಾ?’ ಎಂದಳು. ಗೊತ್ತಿರಲಿಲ್ಲ. ಆ ಅರ್ಜಿ ಯಾವ ಕಲಮಿನಲ್ಲೂ ಇರಲಿಲ್ಲ.

ನಾಲ್ಕನೇ ಭೇಟಿಯಲ್ಲಿ ಉಳಿದದ್ದು ಕಾಲೇಜಿನ ಮಾತು. ಹತ್ತು ಜನರ ಮುಂದೆ ಅಲ್ಲಗಳೆದದ್ದನ್ನು ಹತ್ತು ಜನರ ಮುಂದೆಯೇ ಸರಿಪಡಿಸಬೇಕು, ಅಕ್ಕ ಒಪ್ಪಿದ ವಿವರಗಳನ್ನು ಮಾತ್ರ ಹೇಳಬೇಕು ಎಂದು ಸೂಚಿಸಲಾಯಿತು. ಅದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಮನೆಯ ಜಗಳಕ್ಕಿಂತ ದೊಡ್ಡದು. ಆ ಸಭೆಯಲ್ಲಿ ಕೂತಿದ್ದ, ಮನೆಯಿಂದ ಆರು ಸಾವಿರವೂ ಸಿಗದ ಹುಡುಗಿ ‘ಕಷ್ಟಪಟ್ಟರೆ ಸಾಕು’ ಎಂಬ ಮಾತು ನಂಬಿ, ನಾಳೆ ಎಡವಿದರೆ ತನ್ನನ್ನೇ ಬೈದುಕೊಳ್ಳುತ್ತಾಳೆ. ಮನೆಯಿಂದ 6,12,000 ಬಂತೆಂದು ಅಂಕಿ ಸಮೇತ ಹೇಳಿದರೆ, ಆ ಜಾಗ ತುಂಬಲು ಏನಿದೆ ಎಂದು ಅವಳು ಹುಡುಕುತ್ತಾಳೆ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್, ಅಲ್ಲಿ ಜಾಗ ಸಿಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ ಸಿಗುವ ನೆರವು, ನಾಲ್ಕು ಲಕ್ಷದವರೆಗೆ ಆಸ್ತಿ ಅಡವಿಲ್ಲದೆ ಸಿಗುವ ಶಿಕ್ಷಣ ಸಾಲ: ಇವನ್ನೂ ಮಾತಿನಲ್ಲಿ ಸೇರಿಸಲು ಹೇಳಲಾಯಿತು.

ಐದನೇ ಭೇಟಿಯಲ್ಲಿ ಜಮೀನಿನ ವಿಷಯ ಎದ್ದಿತು. ಅಜ್ಜನ ಕಾಲದ ಎರಡು ಎಕರೆಯನ್ನು ಮಗನ ಹೆಸರಿಗೆ ಮಾಡಲು ಅಪ್ಪ ಓಡಾಡುತ್ತಿದ್ದರು, ‘ಅಕ್ಕ ಸಹಿ ಹಾಕ್ತಾಳೆ’ ಎಂಬ ಧೈರ್ಯದಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಸ್ಪಷ್ಟಪಡಿಸಿತು. ಈ ಜಮೀನು ಆ ಲೆಕ್ಕಕ್ಕೆ ಬರುತ್ತದೋ ಎಂದು ಪತ್ರ ನೋಡಿ ಹೇಳಬೇಕಾದವರು ವಕೀಲರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವಿದೆ. ರಾಜಿಯಾದ ಬಿಸಿಯಲ್ಲೇ ಸಹಿ ಕೇಳಿದರೆ ಆಡಿದ ಮಾತೆಲ್ಲ ಅದಕ್ಕಾಗಿಯೇ ಎಂದಾಗುತ್ತದೆ ಎಂದು ಎಚ್ಚರಿಸಲಾಯಿತು. ಅಕ್ಕ ವಕೀಲರನ್ನು ಕಂಡು ಬರುವವರೆಗೆ ನೋಂದಣಿ ನಿಲ್ಲಿಸುವಂತೆ ಯುವಕ ಅಪ್ಪನಿಗೆ ಹೇಳಿದ್ದಾನೆ, ಅಪ್ಪನಿಗೆ ಅದು ಹಿಡಿಸಿಲ್ಲ. ಯುವಕನಿಗೆ ಈಗ ರಾತ್ರಿ ಐದಾರು ಗಂಟೆಯಷ್ಟು ನಿದ್ದೆ ಬರುತ್ತಿದೆ. ಅಕ್ಕ ಗುಂಪಿಗೆ ಮರಳಿಲ್ಲ, ಫೋನ್ ಮಾಡಿದರೆ ತೆಗೆಯುತ್ತಾಳೆ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿಎಗೆ ಸೇರುವುದು ಹೇಗೆಂದು ಒಮ್ಮೆ ಅವಳೇ ಕೇಳಿದಳಂತೆ. ಫೀಸು ತಾನೇ ಕಟ್ಟುತ್ತೇನೆಂದು ಯುವಕ ಹೇಳಲು ಹೋಗಿ, ತಡೆದು, ‘ನಾನೇನು ಮಾಡ್ಲಿ, ಹೇಳಕ್ಕ’ ಎಂದು ಕೇಳಿದ್ದಾನೆ.