ಮೊದಲು ಬಿದ್ದು ಹತ್ತಲು ಕಲಿಯಿರಿ, ಗಾಳ ಆಮೇಲೆ

ಪ್ರಶ್ನೆ: ನನ್ನ ಊರು ಬಾರ್ಕೂರಿನ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಹತ್ತು ಅಡಿಯ ಸಿಟ್-ಆನ್-ಟಾಪ್ ಕಯಾಕ್ (ಮೇಲೆಯೇ ಕುಳಿತು ಹುಟ್ಟು ಹಾಕುವ ಪುಟ್ಟ ದೋಣಿ) ಕೊಂಡಿದ್ದೇನೆ. ರಜೆಗೆ ಬಂದಾಗ ಸೀತಾನದಿಯಲ್ಲೂ ಕೋಡಿಬೆಂಗ್ರೆ ಅಳಿವೆಯ ಕಡೆಗೂ ಹೋಗಿ ಗಾಳ ಹಾಕುವ ಆಸೆ. ಈಜು ಚೆನ್ನಾಗಿ ಬರುತ್ತದೆ. ನೀರಿನಡಿಯ ಮೀನು ತೋರಿಸುವ ಫಿಶ್ ಫೈಂಡರ್ ಕೊಳ್ಳಲೇ? ಇನ್ನೇನೇನು ಬೇಕು?

ಉತ್ತರ: ಫಿಶ್ ಫೈಂಡರ್ ಈಗ ಬೇಡ. ಆ ದುಡ್ಡು ಮೊದಲು ಒಳ್ಳೆಯ ಲೈಫ್ ಜಾಕೆಟ್‌ಗೆ ಹೋಗಲಿ. ಈಜು ಬರುತ್ತದೆ ಎಂದಿರಿ, ಸಂತೋಷ. ಆದರೆ ಇಳಿತದ ಸೆಳೆತದಲ್ಲಿ ಬಿದ್ದವನ ಕಣ್ಣೆದುರೇ ದೋಣಿ ದೂರ ಸರಿಯುತ್ತದೆ. ದೋಣಿಯ ಅಂಚು ತಲೆಗೆ ಬಡಿದರಂತೂ ಎಂಥ ಈಜುಗಾರನೂ ಏನೂ ಮಾಡಲಾರ. ಜಾಕೆಟನ್ನು ಸೀಟಿನ ಹಿಂದೆ ಕಟ್ಟಿಟ್ಟುಕೊಂಡು ಹೋಗುವವರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಿದ್ದ ಮೇಲೆ ನೀರಿನಲ್ಲಿ ಅದನ್ನು ತೊಡುವುದು ಆಗುವ ಮಾತಲ್ಲ.

ಗಾಳ ಹಾಕುವವರಿಗೆಂದೇ ಮಾಡಿದ ಜಾಕೆಟ್ ಸಿಗುತ್ತದೆ. ಬೆನ್ನಿನ ಕೆಳಭಾಗದಲ್ಲಿ ಬರೀ ಜಾಳಿಗೆ ಇರುವುದರಿಂದ ಸೀಟಿಗೆ ಒರಗಲು ಅಡ್ಡಿಯಾಗದು. ಒಳಗಿನ ಚೀಟಿ ಓದಿ. 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದಿದ್ದರೆ ಅದು ಎಚ್ಚರವಿರುವ, ಈಜು ಬಲ್ಲವರಿಗೆ, ದಡದ ಹತ್ತಿರದ ನೀರಿಗೆ. ಎಚ್ಚರ ತಪ್ಪಿದವರನ್ನು ಮುಖ ಮೇಲಾಗಿ ತಿರುಗಿಸಲೆಂದು ಮಾಡಿದ್ದು 100 ನ್ಯೂಟನ್ನಿನದು, ಆದರೆ ದಪ್ಪ ಹೆಚ್ಚು. ನದಿಯೊಳಗೆ ನಿಮಗೆ ಮೊದಲನೆಯದು ಸಾಕು. ಪಟ್ಟಿಗಳನ್ನೆಲ್ಲ ಬಿಗಿದುಕೊಂಡು, ಮನೆಯವರಿಗೆ ಹೇಳಿ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿ ನೋಡಿ. ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ.

ಇನ್ನು ಹತ್ತುವ ಪಾಠ. ಎದೆಮಟ್ಟದ, ಹರಿವಿಲ್ಲದ ನೀರಿನಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ಬೇಕೆಂದೇ ಮಗುಚಿ ಬೀಳಿ. ದೋಣಿ ಬೋರಲಾಗಿದ್ದರೆ ಅದರ ಬೆನ್ನಿನ ಮೇಲಿಂದ ಕೈ ಚಾಚಿ, ಆಚೆ ಬದಿಯ ಹಿಡಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ತಿರುಗುತ್ತದೆ. ಹತ್ತುವಾಗ ಕಾಲು ಕೆಳಗೆ ಜೋತುಬಿದ್ದರೆ ಅವು ದೋಣಿಯಡಿಗೆ ನುಗ್ಗಿ ಮತ್ತೆ ಮಗುಚುತ್ತವೆ. ಅದಕ್ಕೇ ಮೊದಲು ಕಾಲು ಬಡಿದು ಮೈಯನ್ನು ನೀರಿನ ಮಟ್ಟಕ್ಕೆ ಅಡ್ಡ ತನ್ನಿ. ಹಾಗೆಯೇ ಜಾರಿ ಹೊಟ್ಟೆಯನ್ನು ದೋಣಿಯ ಮೇಲೆ ಹಾಕಿ, ಹೊರಳಿ ಕುಂಡೆಯೂರಿ, ಕೊನೆಗೆ ಕಾಲು ಒಳಗೆಳೆದುಕೊಳ್ಳಿ. ಎರಡೂ ಬದಿಯಿಂದ, ಜಾಕೆಟ್ ತೊಟ್ಟೇ, ದಣಿದಾಗಲೂ ಇದು ಬರಬೇಕು. ಅಲ್ಲಿಯವರೆಗೆ ಗಾಳ ಮನೆಯಲ್ಲೇ ಇರಲಿ.

ನಿಮ್ಮ ಮನೆ ಮೇಲುಗಡೆ, ಅಳಿವೆ ಕೆಳಗಡೆ. ಆದ್ದರಿಂದ ಉಬ್ಬರ ಏರುವ ಹೊತ್ತಿಗೇ ನೀರಿಗಿಳಿದು, ನೀರಿಗೆ ಎದುರಾಗಿ ಹೋಗಿ. ಕೈ ಸೋತರೂ ನೀರೇ ಮನೆಯ ಕಡೆಗೆ ತರುತ್ತದೆ. ಇಳಿತದಲ್ಲಿ ಹೊರಟರೆ ಇದೇ ನೀರು ಅಳಿವೆಯತ್ತ ಎಳೆಯುತ್ತದೆ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಕಳೆದ ವಾರದ ಲೆಕ್ಕ ಈ ವಾರಕ್ಕಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜೋರು. ಚಳಿಗಾಲದ ಬೆಳಿಗ್ಗೆ ನೀರು ಕನ್ನಡಿಯಂತಿದ್ದರೂ ಮೂಡುಗಾಳಿ ಮೆಲ್ಲಗೆ ಕಡಲ ಕಡೆಗೇ ತಳ್ಳುತ್ತಿರುತ್ತದೆ. ಅದಕ್ಕೆ ಇಳಿತವೂ ಸೇರಿತೋ, ದಡ ದೂರವಾದದ್ದು ಗೊತ್ತೇ ಆಗದು. ಮಧ್ಯಾಹ್ನ ಪಡುಗಾಳಿ ಎದ್ದರೆ ಅಗಲದ ಕಡೆಯೆಲ್ಲ ಅಲೆ.

ಅಳಿವೆಯ ಬಾಯಿಗೆ ಈ ವರ್ಷ ಹೋಗಲೇಬೇಡಿ. ಸೀತಾ, ಸ್ವರ್ಣಾ ಎರಡೂ ನದಿಗಳ ನೀರು ಅಲ್ಲೇ ಕಡಲಿಗೆ ನುಗ್ಗುತ್ತದೆ. ಇಳಿಯುವ ನೀರಿಗೆ ಕಡಲ ಅಲೆ ಎದುರಾದಲ್ಲಿ ಅಲೆ ನೆಟ್ಟಗೆದ್ದು ಒಡೆಯುತ್ತದೆ. ಸಾಲದ್ದಕ್ಕೆ ಮೀನುಗಾರಿಕೆ ಬೋಟುಗಳ ಓಡಾಟ. ನೀರಿಗಂಟಿ ಕುಳಿತ ನೀವು ಅವರಿಗೆ ಕಾಣುವುದು ಕಷ್ಟ. ಜೂನ್, ಜುಲೈಯಲ್ಲಿ ಯಾಂತ್ರೀಕೃತ ಬೋಟುಗಳಿಗೇ 61 ದಿನ ರಜೆ, ಆಗ ಕಯಾಕಿನ ಮಾತೇ ಬೇಡ. ಉಳಿದ ದಿನಗಳಲ್ಲಿ ಹೊರಡುವ ಮುನ್ನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್‌ನ ಅಲೆ ಮುನ್ಸೂಚನೆ ನೋಡುವುದು ರೂಢಿಯಾಗಲಿ.

ಲಂಗರು ಬೇಕೆನ್ನಿಸಿದರೆ ಒಂದೂವರೆ ಕಿಲೋದ ಮಡಚುವ ಲಂಗರು ಸಾಕು. ಹಗ್ಗವನ್ನು ಮೂತಿಗೋ ಹಿಂಭಾಗಕ್ಕೋ ಕಟ್ಟಬೇಕೇ ಹೊರತು ಎಂದೂ ಬದಿಗಲ್ಲ. ಬದಿಗೆ ಕಟ್ಟಿದರೆ ಹರಿವು ಆ ಬದಿಯನ್ನೇ ಕೆಳಗೆಳೆದು ಕ್ಷಣದಲ್ಲಿ ಮಗುಚಿಹಾಕುತ್ತದೆ. ಹಗ್ಗದ ತುದಿಗೊಂದು ತೇಲುವ ಬುರುಡೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ. ಗಂಟು ಬಿಚ್ಚದಿದ್ದರೆ ಕತ್ತರಿಸಲು ಮೊಂಡು ತುದಿಯ ಚೂರಿ ಜಾಕೆಟ್ಟಿನಲ್ಲೇ ಇರಲಿ. ಮೀನಿನ ಪಂಜರ ಕಟ್ಟಿದ ಕಡೆ, ಬಲೆ ಬಿಟ್ಟ ಕಡೆ ಮೇಲ್ಹರಿವಿನಲ್ಲಿ ನಿಲ್ಲಬೇಡಿ. ನೀರು ನಿಮ್ಮನ್ನು ಹಗ್ಗಕ್ಕೆ ಒತ್ತಿ ಹಿಡಿದರೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಬಡ ಮೀನುಗಾರರ ಬಲೆ ಹರಿದರೆ ಅದರ ಪಾಪವೂ ಸೇರಿತು.

ಉಳಿದದ್ದು: ಸೀಟಿ, ಹುಟ್ಟನ್ನು ದೋಣಿಗೆ ಕಟ್ಟುವ ದಾರ, ಉದ್ದ ಮೂತಿಯ ಇಕ್ಕಳ, ಕುಡಿಯುವ ನೀರು, ನಸುಕಿಗೆ ಬಿಳಿ ಬೆಳಕಿನ ಟಾರ್ಚ್. ಮೊಬೈಲು ನೀರು ಹೋಗದ ಚೀಲದಲ್ಲಿ, ಮೈಗೇ ಕಟ್ಟಿಕೊಂಡಿರಬೇಕು. ದೋಣಿಯಲ್ಲಿಟ್ಟರೆ ದೋಣಿಯ ಜೊತೆಗೇ ಹೋಗುತ್ತದೆ. ಅದರಲ್ಲಿ 112, ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಬರೆದಿಟ್ಟುಕೊಳ್ಳಿ. ಎಲ್ಲಿಂದ ಹೊರಟೆ, ಎಷ್ಟು ಗಂಟೆಗೆ ಬರುತ್ತೇನೆ ಎಂದು ಅಮ್ಮನಿಗೆ ಚೀಟಿ ಬರೆದುಕೊಟ್ಟೇ ಹೋಗಿ. ಗುಡುಗು ಕೇಳಿದರೆ ತಕ್ಷಣ ದಡಕ್ಕೆ. ಕಾರ್ಬನ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ.

ಪ್ರಶ್ನೆ: ಕಯಾಕಿನಲ್ಲಿದ್ದಾಗ ದೊಡ್ಡ ಕೆಂಬೇರಿ (ರೆಡ್ ಸ್ನ್ಯಾಪರ್ ಮೀನು) ಎಳೆದರೆ? ತೊರಕೆ (ಸ್ಟಿಂಗ್ ರೇ) ಸಿಕ್ಕಿದರೆ? (ಕುಂದಾಪುರದ ಓದುಗರೊಬ್ಬರು)

ಉತ್ತರ: ಕೆಂಬೇರಿ ಕಚ್ಚಿದ ಕೂಡಲೇ ಕಾಂಡ್ಲಾ (ಮ್ಯಾಂಗ್ರೋವ್) ಬೇರಿಗೋ ಕಲ್ಲಿಗೋ ಓಡುತ್ತದೆ. ರಾಡನ್ನು ಮೂತಿಯ ಕಡೆಗೆ ಹಿಡಿಯಿರಿ, ದೋಣಿಯೇ ಅದರ ಹಿಂದೆ ತಿರುಗಲಿ. ಮೀನು ಆಚೆ ಬದಿಗೆ ಹೋದರೆ ರಾಡನ್ನು ಮೂತಿಯ ಸುತ್ತ ತನ್ನಿ. ಏನೇ ಆದರೂ ನಿಮ್ಮ ತಲೆ ದೋಣಿಯ ಅಂಚು ದಾಟಬಾರದು. ತಲೆ ಹೋದ ಕಡೆ ಮೈ ಹೋಗುತ್ತದೆ.

ತೊರಕೆಯನ್ನು ಒಳಗೆ ತರಲೇಬೇಡಿ. ನಿಮ್ಮ ಕಾಲಿರುವುದೂ ಅಲ್ಲೇ, ಅದರ ಬಾಲದ ಮುಳ್ಳು ಬಡಿಯುವುದೂ ಅಲ್ಲೇ. ನೀರಿನಲ್ಲೇ ದಾರ ಕತ್ತರಿಸಿ ಬಿಡಿ. ತೇಡೆಯ (ಕ್ಯಾಟ್ ಫಿಶ್) ಮುಳ್ಳಿಗೂ ನಂಜಿದೆ, ಇಕ್ಕಳದಿಂದಲೇ ಬಿಡಿಸಿ. ಚುಚ್ಚಿತೋ, ದಡಕ್ಕೆ ಬಂದು ಗಾಯವನ್ನು ತಡೆಯುವಷ್ಟು ಬಿಸಿಯ ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಿ, ಬಿಸಿಗೆ ನಂಜು ಕುಂದುತ್ತದೆ. ಗಾಯ ಮರಗಟ್ಟಿ ಬಿಸಿ ಗೊತ್ತಾಗದಿರಬಹುದು, ನೀರನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿ. ಟಿಟಿ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಿ. ಎದೆಗೋ ಹೊಟ್ಟೆಗೋ ಮುಳ್ಳು ನೆಟ್ಟಿದ್ದರೆ ಕೀಳಲು ಹೋಗದೆ ನೇರ ಆಸ್ಪತ್ರೆಗೆ ಹೋಗಿ.