ಸಂಪಾದಕರ ಉತ್ತರ: ಧಾಟಿ ಎರವಲಾದರೆ ಹಾಡೂ ಎರವಲೇ?

ಮಾನ್ಯರೇ,

ಸಿನಿಮಾ ಹಾಡುಗಳ ಧಾಟಿಗೆ ಯೇಸುವಿನ ಹೆಸರು ಸೇರಿಸಿ ಹಾಡುವ ಕ್ರೈಸ್ತ ಭಕ್ತಿಗೀತೆಗಳನ್ನು ಕೇಳಿ ಬೇಸತ್ತು ತಾವು ಬರೆದ ಪತ್ರವನ್ನು ಗಮನವಿಟ್ಟು ಓದಿದೆ. ಸ್ವಂತಿಕೆ ಏನಿದ್ದರೂ ಲೌಕಿಕ ಸಂಗೀತದ್ದು, ಚರ್ಚಿನದು ಯಾವಾಗಲೂ ಕಡ ತಂದದ್ದು ಎಂದು ತಾವು ತೀರ್ಮಾನಿಸಿದ್ದೀರಿ. ತಮ್ಮ ಬೇಸರ ನನ್ನದೂ ಹೌದು. ತೀರ್ಮಾನವನ್ನು ಮಾತ್ರ ಒಪ್ಪಲಾರೆ.

1601ರಲ್ಲಿ ಜರ್ಮನಿಯ ಸಂಗೀತಗಾರ ಹಾನ್ಸ್ ಲಿಯೊ ಹಾಸ್ಲರ್ ಒಂದು ಪ್ರೇಮಗೀತೆಯನ್ನು ಪ್ರಕಟಿಸಿದ. ಹುಡುಗಿಯೊಬ್ಬಳ ಮೋಹದಲ್ಲಿ ಮನಸ್ಸು ಕದಡಿಹೋದವನ ಹಾಡು ಅದು. ಅದರ ಧಾಟಿ ಬೇಗನೆ ಚರ್ಚಿನೊಳಗೆ ಬಂತು. ಮುಂದೆ ಮುಳ್ಳಿನ ಕಿರೀಟ ತೊಟ್ಟ ಕ್ರಿಸ್ತನ ಶಿರವನ್ನು ಕುರಿತು ಕವಿ ಪೌಲ್ ಗೆರ್‌ಹಾರ್ಟ್ ಬರೆದ ಗೀತೆಗೆ ಜೊತೆಯಾಯಿತು. ಮತ್ತಾಯನ ಸುವಾರ್ತೆಯನ್ನು ಆಧರಿಸಿದ ತನ್ನ ಮಹಾಕೃತಿಯಲ್ಲಿ ಹದಿನೆಂಟನೆಯ ಶತಮಾನದ ಜರ್ಮನ್ ಸಂಗೀತಗಾರ ಬಾಖ್ ಆ ಧಾಟಿಯನ್ನು ಐದು ಸಲ ಬಳಸುತ್ತಾನೆ. ಮೊದಲ ಸಲ ಹಾಡಿದ್ದನ್ನೇ ಎರಡನೆಯ ಸಲ ಅರ್ಧ ಸ್ವರ ಕೆಳಗಿಳಿಸುತ್ತಾನೆ, ಅಷ್ಟೆ. ಯೇಸು ಪ್ರಾಣ ಬಿಟ್ಟ ಮೇಲೆ ಬರುವ ಕೊನೆಯ ಸಲದಲ್ಲಾದರೋ, ಮೇಲಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡು, ಕೆಳಗಿನ ಧ್ವನಿಗಳನ್ನು ಅರ್ಧರ್ಧ ಸ್ವರಗಳಲ್ಲಿ ಸರಿಸುತ್ತಾ, ಕೇಳುಗನಿಗೆ ನೆಲೆ ಸಿಗದಂತೆ ಮಾಡುತ್ತಾನೆ. ಸಾಯುವ ಗಳಿಗೆಯಲ್ಲಿ ನನ್ನನ್ನು ಬಿಟ್ಟುಹೋಗಬೇಡ ಎಂದು ಮೊರೆಯಿಡುವ ಸಾಲುಗಳು ಅಲ್ಲಿವೆ. ಇದನ್ನು ಕಡ ತಂದ ಸಂಗೀತವೆಂದು ತಳ್ಳಿಹಾಕಲು ಯಾರಿಗೂ ಸಾಧ್ಯವಿಲ್ಲವೆಂದು ನನ್ನ ನಂಬಿಕೆ.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದೂ ಅಲ್ಲ. ಅಮೆರಿಕದ ಕಪ್ಪು ಜನರ ಲೌಕಿಕ ಹಾಡುಗಾರಿಕೆಯಾದ ಬ್ಲೂಸಿನ ಗಾಯಕಿ ಮಾ ರೇನಿಗೆ ಪಿಯಾನೊ ನುಡಿಸುತ್ತಿದ್ದ ಥಾಮಸ್ ಡಾರ್ಸಿ, 1932ರಲ್ಲಿ ಹೆಂಡತಿಯನ್ನೂ ಆಗತಾನೇ ಹುಟ್ಟಿದ ಮಗುವನ್ನೂ ಕಳೆದುಕೊಂಡ ದುಃಖದಲ್ಲಿ, ಕೈಹಿಡಿದು ನಡೆಸೆಂದು ದೇವರನ್ನು ಬೇಡುವ ಹಾಡೊಂದನ್ನು ಬರೆದರು. ಧಾಟಿಗೆ ಹಳೆಯ ಕೀರ್ತನೆಯೊಂದು ಆಧಾರ. ಅದಕ್ಕೆ ಬಂದ ಉಸಿರು ಬ್ಲೂಸಿನದು. ಇಂಥ ಹಾಡುಗಳನ್ನು ಶಿಕಾಗೊದ ಎಷ್ಟೋ ಚರ್ಚುಗಳು ಮೊದಮೊದಲು ಒಳಗೆ ಬಿಟ್ಟುಕೊಳ್ಳಲಿಲ್ಲ. 1954ರಲ್ಲಿ ಗಾಯಕ ರೇ ಚಾರ್ಲ್ಸ್ ಗಾಸ್ಪೆಲ್ ಹಾಡೊಂದರ, ಎಂದರೆ ಕಪ್ಪು ಜನರ ಚರ್ಚಿನ ಭಕ್ತಿಗೀತೆಯೊಂದರ, ಮೈಕಟ್ಟನ್ನು ಪ್ರೇಮಗೀತೆಗೆ ತೊಡಿಸಿದಾಗ ಸೋಲ್ ಎಂಬ ಜನಪ್ರಿಯ ಸಂಗೀತಕ್ಕೆ ದಾರಿಯಾಯಿತು. ತಾವು ಮೆಚ್ಚುವ ಲೌಕಿಕ ಸಂಗೀತದ ಒಂದು ದೊಡ್ಡ ಕವಲು ಹೀಗೆ ಚರ್ಚಿನ ಋಣದಲ್ಲಿದೆ.

ಹಾಗಾದರೆ ಕೆಟ್ಟಿದ್ದೆಲ್ಲಿ? ಅಮೆರಿಕದ ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಒಂದು ಕಾಲಕ್ಕೆ, ಇಂಥ ರಾಕ್ ತಂಡ ನಿಮಗಿಷ್ಟವಾದರೆ ಅದರ ಬದಲು ಈ ಕ್ರೈಸ್ತ ತಂಡವನ್ನು ಕೇಳಿ ಎಂದು ಹೇಳುವ ಪಟ್ಟಿಗಳಿರುತ್ತಿದ್ದವು. ಮಕ್ಕಳು ದಾರಿ ತಪ್ಪಬಾರದೆಂಬ ತಂದೆತಾಯಿಯರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇನ್ನೊಂದರ ಹಾಗೆ ಕೇಳಿಸುವುದೇ ಹಾಡಿನ ಅರ್ಹತೆಯಾದಾಗ, ಸಂಗೀತಗಾರನಿಗೆ ತನ್ನದೆಂದು ಹೇಳಲು ಏನೂ ಉಳಿಯುವುದಿಲ್ಲ. ಬಾಖ್ ಎರವಲು ತಂದದ್ದು ಆ ಧಾಟಿಯಿಂದ ಹೊಸ ಕೆಲಸ ಮಾಡಿಸಲು. ತಮ್ಮನ್ನು ನೋಯಿಸಿದ ಹಾಡುಗಳು ಸಿನಿಮಾ ಧಾಟಿಯನ್ನು ಹಿಡಿದಿರುವುದು ಅದರ ಜನಪ್ರಿಯತೆಗಾಗಿ ಮಾತ್ರ. ಅಲ್ಲಿ ಪದ ಬದಲಾಗಿದೆ, ಸಂಗೀತ ಕದಲಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರ ಜೊತೆ ಜರ್ಮನ್ ಧಾಟಿಗಳೂ ಬಂದವು. ಕನ್ನಡದ ಗುರು ಲಘುಗಳು ಒಂದು ಕಡೆ, ಆ ಧಾಟಿಗಳ ಒತ್ತು ಇನ್ನೊಂದು ಕಡೆ ಎಳೆಯುವುದನ್ನು ಇಂದಿಗೂ ಕೇಳಬಹುದು. ಅದೇ ಮಿಶನ್ನಿನ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಇಲ್ಲಿನ ಛಂದಸ್ಸಿನಲ್ಲೇ ಹೇಳಲು ಹೊರಟರು. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ಅದಕ್ಕೂ ಮೊದಲೇ ತಮಿಳಿನಲ್ಲಿ ಕರ್ನಾಟಕ ಸಂಗೀತದ ರಾಗಗಳಿಗೆ ಕ್ರೈಸ್ತ ಕೀರ್ತನೆಗಳನ್ನು ಕಟ್ಟಿದ್ದರು. ಇವರೂ ಎರವಲು ಪಡೆದವರೇ, ಆದರೆ ತಾವು ಹಾಡಬೇಕಾದ ನುಡಿಯ ನಡಿಗೆಗೆ ಕಿವಿಗೊಟ್ಟು ಪಡೆದವರು.

ತಮ್ಮ ಊರಿನ ಚರ್ಚಿನಲ್ಲಿ ಹೀಗೆ ಹೊಸದಾಗಿ ಹಾಡು ಕಟ್ಟುವವರಿದ್ದರೆ, ಸಾಹಿತ್ಯವನ್ನೂ ಸ್ವರಪ್ರಸ್ತಾರವನ್ನೂ ಕಳಿಸಿಕೊಡಲು ದಯವಿಟ್ಟು ಅವರಿಗೆ ತಿಳಿಸಿ. ಅಂಥವನ್ನು ಪ್ರಕಟಿಸಲು ಪತ್ರಿಕೆಯಲ್ಲಿ ಜಾಗವಿದೆ.

— ಸಂಪಾದಕ