ಬ್ಯಾಟರಿ ಅಂಗಡಿಯ ಸೀಸ, ಏರದ ಹಿಮೋಗ್ಲೋಬಿನ್

ನಿಮ್ಮ ಅಣ್ಣ ಕುಶಾಲನಗರದಲ್ಲಿ ಹಳೇ ಬ್ಯಾಟರಿ ಬಿಚ್ಚುವ ಕೆಲಸದಲ್ಲಿದ್ದಾರೆ. ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 10 ದಾಟುತ್ತಿಲ್ಲ, ಲಿವರ್‌ನ ಸ್ಥಿತಿ ತೋರಿಸುವ ಎಸ್‌ಜಿಪಿಟಿ ಸ್ವಲ್ಪ ಜಾಸ್ತಿ. ಕಾಫಿಗೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದದ್ದೇ ಕಾರಣವಾ ಅಂತ ಕೇಳಿದ್ದೀರಿ. ನನಗೆ ಮೈಲುತುತ್ತಕ್ಕಿಂತ ಸೀಸದ ಮೇಲೇ ಅನುಮಾನ.

ರಕ್ತದ ಕೆಂಪು ಬಣ್ಣಕ್ಕೆ ಕಾರಣ ಹಿಮೋಗ್ಲೋಬಿನ್‌ನೊಳಗಿನ ಹೀಮ್. ಅದು ತಯಾರಾಗುವುದು ಎಂಟು ಹಂತಗಳಲ್ಲಿ. ಸೀಸ ಮುಖ್ಯವಾಗಿ ಎರಡು ಕಡೆ ಅಡ್ಡಗಾಲು ಹಾಕುತ್ತದೆ. ಒಂದು, ಎರಡನೇ ಹಂತದ ಅಲಾಡ್ ಕಿಣ್ವ. ಇನ್ನೊಂದು, ಕೊನೆಯಲ್ಲಿ ಕಬ್ಬಿಣ ಕೂರಿಸುವ ಫೆರೋಕೆಲಟೇಸ್. ಮಾತ್ರೆಯಿಂದ ಕಬ್ಬಿಣ ಬಂದರೂ ಕೂರಿಸುವವರಿಲ್ಲ! ಆ ಜಾಗದಲ್ಲಿ ಸತು ಹೋಗಿ ಕೂರುತ್ತದೆ.

ಲಿವರ್‌ಗೂ ಹೀಮ್ ಬೇಕು, ಔಷಧಿ ಅರಗಿಸುವ ಕಿಣ್ವಗಳಿಗಾಗಿ. ಆದರೆ ಎಸ್‌ಜಿಪಿಟಿ ಏರಿದ್ದನ್ನೆಲ್ಲ ಸೀಸದ ತಲೆಗೆ ಕಟ್ಟಬೇಡಿ. ಲಿವರ್‌ನಲ್ಲಿ ಕೊಬ್ಬಿದೆಯಾ, ಸಂಜೆ ಎಷ್ಟು ಪೆಗ್ಗು, ಇವನ್ನೂ ನೋಡಬೇಕು. ನಮ್ಮ ಕೊಡಗಿನಲ್ಲಿ ಇದನ್ನು ಕೇಳದೆ ಬಿಡೋಕಾಗಲ್ಲ, ಅಲ್ವಾ?

ಸುಮ್ನೆ ಮಾತ್ರೆ ಬದಲಿಸುತ್ತಾ ಕೂರಬೇಡಿ. ಅವರ ಕೆಲಸ ಏನೆಂದು ಡಾಕ್ಟರಿಗೆ ಬಿಡಿಸಿ ಹೇಳಿ, ರಕ್ತದ ಸೀಸ ಮತ್ತು ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು) ಪರೀಕ್ಷೆ ಮಾಡಿಸಿ. ಸೀಸದ ಸಂಪರ್ಕ ನಿಂತ ಮೇಲೂ ರಕ್ತದಲ್ಲಿನ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಬೇಕು. ಮೂಳೆಗೆ ಸೇರಿದ್ದು ವರ್ಷಗಟ್ಟಲೆ ಉಳಿಯುತ್ತದೆ. ಸೀಸದ ಧೂಳು ಮನೆಗೆ ಬರದಂತೆ ಕೆಲಸದ ಬಟ್ಟೆ ಅಂಗಡಿಯಲ್ಲೇ ಬಿಟ್ಟು ಬರಲಿ, ಮನೆಯಲ್ಲಿ ಮಕ್ಕಳಿದ್ದಾರೆ ಅಂದಿರಲ್ಲ.